ಹುಬ್ಬಳ್ಳಿ–ಮಂಗಳೂರು: ಅರ್ಧ ಗಂಟೆಯ ದಾರಿಗೆ ಟಿಕೆಟ್‌ನಲ್ಲಿ ಒಂದು ಗಂಟೆ ಹತ್ತು ನಿಮಿಷ ಯಾಕೆ?

ಪ್ರಶ್ನೆ: ನಾವು ಹುಬ್ಬಳ್ಳಿಯಲ್ಲಿದ್ದೇವೆ. ನನ್ನ ತವರು ಮಂಗಳೂರು. ಹಿಂದೊಮ್ಮೆ ಎಟಿಆರ್ ಅನ್ನುವ ಪ್ರೊಪೆಲ್ಲರ್ ವಿಮಾನದಲ್ಲಿ ಹೋಗಿದ್ದೆವು. ಟಿಕೆಟ್‌ನಲ್ಲಿ 1 ಗಂಟೆ 10 ನಿಮಿಷ ಅಂತ ಇತ್ತು. ಈಗ ಹತ್ತನೇ ಕ್ಲಾಸಿನ ಮಗಳು ಇದನ್ನೇ ಲೆಕ್ಕದ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಒಂದು ಕಡೆ ನೋಡಿದರೆ ದೂರ 266 ಕಿ.ಮೀ., ಇನ್ನೊಂದು ಕಡೆ 275 ಕಿ.ಮೀ. ರಸ್ತೆಯಲ್ಲಿ 350 ದಾಟುತ್ತದೆ. ಎಟಿಆರ್ ಗಂಟೆಗೆ 500 ಕಿ.ಮೀ. ಹೋಗುತ್ತದಂತೆ. ಹಾಗಿದ್ದರೆ ಅರ್ಧ ಗಂಟೆ ಸಾಕಲ್ವಾ? ಯಾವ ದೂರ ಸರಿ, ಉಳಿದ ನಲವತ್ತು ನಿಮಿಷ ಎಲ್ಲಿ ಹೋಯಿತು, ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಮಗಳು ಆರಿಸಿಕೊಂಡ ದಾರಿ ಲೆಕ್ಕ ಕಲಿಯಲು ಹೇಳಿ ಮಾಡಿಸಿದ ಹಾಗಿದೆ. ನಾನು ಹಲವು ವರ್ಷ ಫ್ಲೈಟ್ ಡಿಸ್ಪ್ಯಾಚ್ ಕೆಲಸ ಮಾಡಿದವನು. ಅಂದರೆ ವಿಮಾನ ಹೊರಡುವ ಮುಂಚೆ ದೂರ, ಗಾಳಿ, ಹೊತ್ತು, ಇಂಧನ ಎಲ್ಲ ಲೆಕ್ಕ ಹಾಕಿ ಪೈಲಟ್ ಕೈಗೆ ಫ್ಲೈಟ್ ಪ್ಲಾನ್ ಕೊಡುವ ಕೆಲಸ. ಸೇರಿದ ಹೊಸದರಲ್ಲಿ ನಾನೂ ನಿಮ್ಮ ಹಾಗೆಯೇ ದೂರವನ್ನು ವೇಗದಿಂದ ಭಾಗಿಸಿ ಉತ್ತರ ತೋರಿಸಿದ್ದೆ. ನನ್ನ ಹಿರಿಯರು ಪೆನ್ಸಿಲ್ ತೆಗೆದುಕೊಂಡು ಆ ಉತ್ತರದ ಪಕ್ಕದಲ್ಲಿ ಒಂದು ಕೂಡುವ ಚಿಹ್ನೆ ಹಾಕಿ ವಾಪಸ್ ಕೊಟ್ಟರು. ಸಣ್ಣ ದೂರದ ಹಾರಾಟದಲ್ಲಿ ಭಾಗಿಸಿದ್ದಕ್ಕಿಂತ ಕೂಡಿಸುವುದೇ ಜಾಸ್ತಿ ಇರುತ್ತದೆ. ನಿಮ್ಮ ನಲವತ್ತು ನಿಮಿಷ ಅಲ್ಲೇ ಇದೆ. ಮೊದಲು ದೂರ ನೋಡೋಣ.

ಭೂಮಿಯ ಮೇಲೆ ಎರಡು ಜಾಗದ ನಡುವಿನ ದೂರ ಬೇಕಾದರೆ ಎರಡರ ಅಕ್ಷಾಂಶ, ರೇಖಾಂಶ ಗೊತ್ತಿರಬೇಕು. ಹುಬ್ಬಳ್ಳಿ ವಿಮಾನ ನಿಲ್ದಾಣ ಇರುವುದು 15.36 ಡಿಗ್ರಿ ಉತ್ತರ, 75.08 ಡಿಗ್ರಿ ಪೂರ್ವದಲ್ಲಿ. ಮಂಗಳೂರು ನಿಲ್ದಾಣ 12.96 ಉತ್ತರ, 74.89 ಪೂರ್ವ. ರೇಖಾಂಶ ಎರಡಕ್ಕೂ ಹೆಚ್ಚುಕಮ್ಮಿ ಒಂದೇ. ಅಂದರೆ ಮಂಗಳೂರು ಹುಬ್ಬಳ್ಳಿಯ ನೇರ ದಕ್ಷಿಣಕ್ಕಿದೆ. ಕರಾವಳಿ ಅಂದ ಕೂಡಲೇ ನಮಗೆ ಪಶ್ಚಿಮ ಅನಿಸುತ್ತದೆ. ಆದರೆ ನಮ್ಮ ಕರಾವಳಿ ಕೆಳಗೆ ಹೋದ ಹಾಗೆ ಪೂರ್ವಕ್ಕೆ ವಾಲುತ್ತದೆ. ಹಾಗಾಗಿ ಕಾರವಾರ ಹುಬ್ಬಳ್ಳಿಗೆ ಪಶ್ಚಿಮವಾದರೂ ಮಂಗಳೂರು ದಕ್ಷಿಣಕ್ಕೇ ಬೀಳುತ್ತದೆ.

ಈಗ ವಿಮಾನದವರ ಅಳತೆ ಕೆಲಸಕ್ಕೆ ಬರುತ್ತದೆ. ನಾವು ಕಿಲೋಮೀಟರ್ ಬಳಸುವುದಿಲ್ಲ, ನಾಟಿಕಲ್ ಮೈಲಿ ಬಳಸುತ್ತೇವೆ. ಒಂದು ನಾಟಿಕಲ್ ಮೈಲಿ ಅಂದರೆ 1,852 ಮೀಟರ್. ಈ ಅಂಕಿ ವಿಚಿತ್ರವಾಗಿ ಕಾಣುತ್ತದೆ, ಆದರೆ ಹಿಂದೆ ಒಂದು ಸರಳ ಲೆಕ್ಕ ಇದೆ. ಒಂದು ಡಿಗ್ರಿ ಅಕ್ಷಾಂಶವನ್ನು ಗಂಟೆಯ ಹಾಗೆ 60 ನಿಮಿಷ ಅಂತ ಭಾಗ ಮಾಡುತ್ತಾರೆ. ಅಂಥ ಒಂದು ನಿಮಿಷದಷ್ಟು ದೂರ ಉತ್ತರಕ್ಕೋ ದಕ್ಷಿಣಕ್ಕೋ ಹೋದರೆ ಅದೇ ಒಂದು ನಾಟಿಕಲ್ ಮೈಲಿ. ಅಂದರೆ ಒಂದು ಡಿಗ್ರಿಗೆ 60 ಮೈಲಿ (ಇನ್ನು ಮುಂದೆ ಮೈಲಿ ಅಂದರೆ ನಾಟಿಕಲ್ ಮೈಲಿಯೇ). ನಕ್ಷೆಯ ಅಂಚಿನಲ್ಲಿರುವ ಅಕ್ಷಾಂಶದ ಗೀಟುಗಳೇ ನಮಗೆ ಸ್ಕೇಲು.

15.36 ರಲ್ಲಿ 12.96 ಕಳೆದರೆ 2.40 ಡಿಗ್ರಿ. ಇದನ್ನು 60 ರಿಂದ ಗುಣಿಸಿದರೆ 144 ನಾಟಿಕಲ್ ಮೈಲಿ. 1.852 ರಿಂದ ಗುಣಿಸಿದರೆ ಸುಮಾರು 267 ಕಿ.ಮೀ. ದೂರದ ಲೆಕ್ಕ ಇಷ್ಟೇ. ಪೂರ್ವ–ಪಶ್ಚಿಮದ 0.19 ಡಿಗ್ರಿ ಸೇರಿಸಿದರೂ ಅರ್ಧ ಮೈಲಿಯ ವ್ಯತ್ಯಾಸವೂ ಬರುವುದಿಲ್ಲ.

ಹಾಗಾದರೆ 266, 275 ಅಂತ ಬೇರೆ ಬೇರೆ ಯಾಕೆ? 266 ಕ್ಕೂ ನಮ್ಮ 267 ಕ್ಕೂ ಇರುವ ವ್ಯತ್ಯಾಸಕ್ಕೆ ಭೂಮಿಯ ಆಕಾರ ಕಾರಣ. ಭೂಮಿ ಪೂರ್ತಿ ದುಂಡಗಿಲ್ಲ. ಸಮಭಾಜಕದ ಹತ್ತಿರ ಸ್ವಲ್ಪ ಉಬ್ಬಿದೆ, ಧ್ರುವಗಳಲ್ಲಿ ಚಪ್ಪಟೆ. ಹಾಗಾಗಿ ಒಂದು ಡಿಗ್ರಿ ಅಕ್ಷಾಂಶ ಸಮಭಾಜಕದ ಬಳಿ ಸುಮಾರು 110.6 ಕಿ.ಮೀ., ಧ್ರುವದ ಬಳಿ 111.7 ಕಿ.ಮೀ. ದುಂಡು ಅಂತ ಹಿಡಿದು ಮಾಡಿದ ಲೆಕ್ಕ 267 ಕೊಡುತ್ತದೆ, ಉಬ್ಬನ್ನೂ ಗಣನೆಗೆ ತೆಗೆದುಕೊಂಡದ್ದು 266 ಚಿಲ್ಲರೆ ಕೊಡುತ್ತದೆ. ಎರಡನ್ನೂ ತಪ್ಪು ಅನ್ನಲಾಗದು.

275 ರ ಕಥೆ ಬೇರೆ. ಅದು ಊರಿನಿಂದ ಊರಿಗೆ ಅಳೆದದ್ದು. ಮಂಗಳೂರು ನಿಲ್ದಾಣ ಇರುವುದು ಬಜ್ಪೆ ಕೆಂಜಾರಿನ ಗುಡ್ಡದ ಮೇಲೆ, ಊರಿನ ಉತ್ತರಕ್ಕೆ. ಹುಬ್ಬಳ್ಳಿಯಿಂದ ಬರುವಾಗ ಮೊದಲು ನಿಲ್ದಾಣ, ಆಮೇಲೆ ಊರು. ಅದಕ್ಕೇ ಊರಿನ ಮಧ್ಯಕ್ಕೆ ಅಳೆದರೆ ಎಂಟೊಂಬತ್ತು ಕಿ.ಮೀ. ಜಾಸ್ತಿ ತೋರಿಸುತ್ತದೆ. ವಿಮಾನದ ಲೆಕ್ಕಕ್ಕೆ ಯಾವಾಗಲೂ ನಿಲ್ದಾಣದ ಗುರುತು ಬಿಂದುವನ್ನೇ ತೆಗೆದುಕೊಳ್ಳಬೇಕು. ಅದು ಸಾಮಾನ್ಯವಾಗಿ ರನ್‌ವೇ ಮಧ್ಯದ ಆಸುಪಾಸಿನಲ್ಲಿ ಇರುತ್ತದೆ. ಪ್ರಾಜೆಕ್ಟ್‌ನಲ್ಲಿ ಮಗಳು "ನಿಲ್ದಾಣದಿಂದ ನಿಲ್ದಾಣಕ್ಕೆ" ಅಂತ ಸ್ಪಷ್ಟವಾಗಿ ಬರೆಯಲಿ.

ನಿಮ್ಮ ದಾರಿ ನೇರ ದಕ್ಷಿಣ ಆದ್ದರಿಂದ ಲೆಕ್ಕ ಸುಲಭವಾಯಿತು. ದಾರಿ ಓರೆಯಾಗಿದ್ದರೆ? ಬೆಳಗಾವಿಯಿಂದ ಕಲಬುರಗಿಗೆ ಹಾಕಿ ನೋಡೋಣ. ಬೆಳಗಾವಿ 15.86 ಉತ್ತರ, 74.62 ಪೂರ್ವ. ಕಲಬುರಗಿ 17.31 ಉತ್ತರ, 76.96 ಪೂರ್ವ. ಅಕ್ಷಾಂಶದ ವ್ಯತ್ಯಾಸ 1.45 ಡಿಗ್ರಿ, ಅಂದರೆ 87 ಮೈಲಿ. ರೇಖಾಂಶದ ವ್ಯತ್ಯಾಸ 2.34 ಡಿಗ್ರಿ. ಇದನ್ನು ಸುಮ್ನೆ 60 ರಿಂದ ಗುಣಿಸಿದರೆ ತಪ್ಪಾಗುತ್ತದೆ. ರೇಖಾಂಶದ ಗೆರೆಗಳು ಕಿತ್ತಳೆ ತೊಳೆಗಳ ಹಾಗೆ. ನಡುವಿನಲ್ಲಿ ಅಗಲ, ತುದಿಗೆ ಹೋದ ಹಾಗೆ ಒಂದಕ್ಕೊಂದು ಹತ್ತಿರ. ಎಷ್ಟು ಹತ್ತಿರ ಅನ್ನುವುದನ್ನು ಅಕ್ಷಾಂಶದ ಕೊಸೈನ್ ಹೇಳುತ್ತದೆ. ಎರಡೂ ಊರಿನ ಸರಾಸರಿ ಅಕ್ಷಾಂಶ ಸುಮಾರು 16.6 ಡಿಗ್ರಿ, ಅದರ ಕೊಸೈನ್ 0.958. 2.34 ಗುಣಿಸು 60 ಗುಣಿಸು 0.958 ಅಂದರೆ 134.5 ಮೈಲಿ. ಈಗ ಒಂದು ಬಾಹು 87, ಇನ್ನೊಂದು 134.5, ನಡುವೆ ಲಂಬಕೋನ. ಪೈಥಾಗೊರಸ್ ಹಾಕಿದರೆ ಕರ್ಣ 160 ಮೈಲಿ, ಅಂದರೆ ಸುಮಾರು 297 ಕಿ.ಮೀ. ಕೊಸೈನ್ ಮರೆತರೆ 306 ಬರುತ್ತದೆ. ನಮ್ಮ ಕಡೆ ತಪ್ಪು ಒಂಬತ್ತು ಕಿ.ಮೀ.ಗೆ ಮುಗಿಯಿತು. ಲಂಡನ್ ಅಕ್ಷಾಂಶದಲ್ಲಿ ಕೊಸೈನ್ 0.62, ಅಲ್ಲಿ ಮರೆತರೆ ಉತ್ತರ ಎಲ್ಲೋ ಹೋಗಿರುತ್ತದೆ.

ಹತ್ತನೇ ಕ್ಲಾಸಿನಲ್ಲಿ ತ್ರಿಕೋನಮಿತಿ ಕಲಿಯುತ್ತಿರುವ ಹುಡುಗಿಗೆ ಕೊಸೈನ್ ನಿಜವಾಗಿ ಎಲ್ಲಿ ಬಳಕೆಗೆ ಬರುತ್ತದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ನನ್ನ ಕೇಳಿದರೆ ಹುಬ್ಬಳ್ಳಿ–ಮಂಗಳೂರಿನ ಜೊತೆಗೆ ಇದನ್ನೂ ಪ್ರಾಜೆಕ್ಟ್‌ಗೆ ಸೇರಿಸಲಿ.

ಈ ಪೈಥಾಗೊರಸ್ ದಾರಿ ಸಣ್ಣ ದೂರಕ್ಕೆ ಮಾತ್ರ ನಡೆಯುತ್ತದೆ. ಸಾವಿರಾರು ಕಿ.ಮೀ. ಆದರೆ ಭೂಮಿಯ ಬಾಗು ಬಿಡುವುದಿಲ್ಲ, ಆಗ ಗೋಳದ ಮೇಲಿನ ತ್ರಿಕೋನಮಿತಿ ಬೇಕು. ಕಂಪ್ಯೂಟರ್‌ಗಳು ಬಳಸುವುದು ಅದನ್ನೇ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ವಿಮಾನ ತಂದರಲ್ಲ, ಗೋಡೆಗೆ ಹಾಕಿದ ನಕ್ಷೆಯಲ್ಲಿ ಆ ದಾರಿ ಸುತ್ತು ಬಳಸಿದ ಹಾಗೆ ಕಾಣುತ್ತದೆ. ಭೂಗೋಳದ ಮೇಲೆ ದಾರ ಎಳೆದು ನೋಡಿದರೆ ಗೊತ್ತಾಗುತ್ತದೆ, ಅದೇ ಹತ್ತಿರದ ದಾರಿ.

ನಿಮ್ಮ ದಾರಿಯ ಮೇಲೂ ದಾರ ಎಳೆದು ನೋಡಿ. ನಾನು ನಕ್ಷೆ ಹರಡಿಕೊಂಡು ಎಳೆದೆ. ಹುಬ್ಬಳ್ಳಿ ಬಿಟ್ಟ ಗೆರೆ ಮುಂಡಗೋಡಿನ ಪಕ್ಕದಲ್ಲಿ ಹೋಗುತ್ತದೆ. ಬನವಾಸಿಯ ಮೇಲೆ ಹೆಚ್ಚುಕಮ್ಮಿ ಕರಾರುವಾಕ್ಕಾಗಿ ಹಾಯುತ್ತದೆ. ಸಾಗರ ಎಡಕ್ಕೆ ನಾಲ್ಕೈದು ಕಿ.ಮೀ. ದೂರದಲ್ಲಿ ಉಳಿಯುತ್ತದೆ, ಲಿಂಗನಮಕ್ಕಿ ಅಣೆಕಟ್ಟು ಬಲಕ್ಕೆ. ಅಲ್ಲಿಂದ ಶರಾವತಿ ಹಿನ್ನೀರಿನ ಮೇಲೆ ಹಾದು, ಹೊಸನಗರದ ಪಶ್ಚಿಮಕ್ಕೆ ಘಟ್ಟ ಇಳಿದು, ಹೆಬ್ರಿ, ಕಾರ್ಕಳವನ್ನು ಎಡಕ್ಕೆ ಬಿಟ್ಟು ಬಜ್ಪೆ ಸೇರುತ್ತದೆ. ರಸ್ತೆಯಲ್ಲಿ ಹೋದರೆ ಅರಬೈಲು ಘಟ್ಟವೋ ದೇವಿಮನೆ ಘಟ್ಟವೋ ಇಳಿದು, ಅಂಕೋಲಾ ಅಥವಾ ಕುಮಟಾದಲ್ಲಿ ಹೆದ್ದಾರಿ ಹಿಡಿದು, ಸಮುದ್ರದ ಪಕ್ಕದಲ್ಲೇ ಕೆಳಗೆ ಬರಬೇಕು. ತ್ರಿಕೋನದ ಎರಡು ಬಾಹು ಸುತ್ತಿದ ಹಾಗೆ. 350 ದಾಟುವುದು ಅದಕ್ಕೇ.

ವಿಮಾನ ಈ ದಾರದ ಮೇಲೆಯೇ ಹೋಗುತ್ತದೆ ಅಂತಲ್ಲ. ಆಕಾಶದಲ್ಲೂ ಗೊತ್ತುಪಡಿಸಿದ ದಾರಿಗಳಿವೆ, ಹೆಸರಿಟ್ಟ ಬಿಂದುಗಳಿವೆ, ಒಳಗೆ ಹೋಗಬಾರದ ಜಾಗಗಳೂ ಇವೆ. ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲ್‌ನವರು ಕೆಲವೊಮ್ಮೆ ನೇರ ಹೋಗಿ ಅನ್ನುತ್ತಾರೆ, ಕೆಲವೊಮ್ಮೆ ಸ್ವಲ್ಪ ಸುತ್ತಿಸುತ್ತಾರೆ. ಇಂಥ ದಾರಿಗೆ ನೇರ ಗೆರೆಗಿಂತ ನೂರಕ್ಕೆ ಮೂರರಿಂದ ಐದರಷ್ಟು ಜಾಸ್ತಿ ಹಿಡಿಯುವುದು ನನ್ನ ರೂಢಿ. ಮಗಳ ಲೆಕ್ಕಕ್ಕೆ ನೇರ 144 ಮೈಲಿಯೇ ಇರಲಿ.

ಈಗ ಹೊತ್ತಿನ ಲೆಕ್ಕಕ್ಕೆ ಬರೋಣ. ಎಟಿಆರ್ 72 ಸಮತಟ್ಟಾಗಿ ಹಾರುವಾಗ ಗಂಟೆಗೆ ಸುಮಾರು 270 ನಾಟಿಕಲ್ ಮೈಲಿ ಹೋಗುತ್ತದೆ. ಇದನ್ನೇ 270 ನಾಟ್ ಅನ್ನುತ್ತೇವೆ, ಅಂದರೆ 500 ಕಿ.ಮೀ. ನೀವು ಕೇಳಿದ್ದು ಸರಿಯಾಗಿಯೇ ಇದೆ. ಆದರೆ ಆ ವೇಗ ಸಿಗುವುದು ಮೇಲೆ ಹೋದ ಮೇಲೆ. ಏರುವಾಗಲೂ ಇಲ್ಲ, ಇಳಿಯುವಾಗಲೂ ಇಲ್ಲ. ಹುಬ್ಬಳ್ಳಿ ಬಸ್ಸು ಊರು ದಾಟುವವರೆಗೆ ಎರಡನೇ ಗೇರಿನಲ್ಲೇ ಹೋಗುತ್ತದೆ, ಬೈಪಾಸ್ ಮೇಲಿನ ವೇಗವನ್ನು ಇಡೀ ದಾರಿಗೆ ಹಚ್ಚಿದರೆ ಲೆಕ್ಕ ತಪ್ಪುತ್ತದಲ್ಲ, ಹಾಗೆ.

ಏರುವುದನ್ನು ನೋಡೋಣ. ವಿಮಾನ 16,000 ಅಡಿಗೆ ಹೋಗಬೇಕು ಅಂತಿಟ್ಟುಕೊಳ್ಳಿ. ಹುಬ್ಬಳ್ಳಿಯಲ್ಲಿ ರನ್‌ವೇ ಮೇಲೆ ನಿಂತಾಗಲೇ ಅದು ಸಮುದ್ರ ಮಟ್ಟದಿಂದ ಸುಮಾರು 2,170 ಅಡಿ ಮೇಲಿದೆ. ಉಳಿದದ್ದು 13,800 ಅಡಿ ಚಿಲ್ಲರೆ. ತುಂಬಿದ ಎಟಿಆರ್ ನಿಮಿಷಕ್ಕೆ ಸರಾಸರಿ 1,150 ಅಡಿ ಏರುತ್ತದೆ ಅಂದರೆ 12 ನಿಮಿಷ. ಏರುವಾಗ ಪೈಲಟ್ ಮುಂದಿನ ವೇಗದ ಮುಳ್ಳು ಸುಮಾರು 170 ನಾಟ್‌ನಲ್ಲಿ ನಿಂತಿರುತ್ತದೆ. ಆದರೆ ಆ ಮುಳ್ಳು ತೋರಿಸುವುದು ಎದುರು ಬಡಿಯುವ ಗಾಳಿಯ ಒತ್ತಡವನ್ನು. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಮುಳ್ಳು ಅಷ್ಟೇ ತೋರಿಸಿದರೂ ನಿಜವಾದ ವೇಗ ಜಾಸ್ತಿ ಇರುತ್ತದೆ. ಪ್ರತಿ ಸಾವಿರ ಅಡಿಗೆ ನೂರಕ್ಕೆ ಎರಡು ಸೇರಿಸು ಅನ್ನುವುದು ನಮ್ಮ ಬಾಯಿಲೆಕ್ಕ. ಏರುವ ದಾರಿಯ ನಡುಮಧ್ಯ 9,000 ಅಡಿ ಅಂತ ಹಿಡಿದರೆ ನೂರಕ್ಕೆ 18 ಸೇರಿಸಿ 200 ನಾಟ್. ಹನ್ನೆರಡು ನಿಮಿಷಕ್ಕೆ 40 ಮೈಲಿ. ಆ ಹೊತ್ತಿಗೆ ವಿಮಾನ ಮುಂಡಗೋಡು ದಾಟಿ ಬನವಾಸಿಯ ಹತ್ತಿರ ಬಂದಿರುತ್ತದೆ.

ಇಳಿಯುವುದು ಇನ್ನೂ ಉದ್ದ. ಪ್ರಯಾಣಿಕರ ವಿಮಾನ ಸಾಮಾನ್ಯವಾಗಿ ಮೂರು ಡಿಗ್ರಿ ಇಳಿಜಾರಿನಲ್ಲಿ ಇಳಿಯುತ್ತದೆ. ಆ ಇಳಿಜಾರಿಗೆ ಸಾವಿರ ಅಡಿ ಇಳಿಯಲು ಸುಮಾರು ಮೂರು ಮೈಲಿ ಬೇಕು. ಮಂಗಳೂರು ರನ್‌ವೇ ಇರುವುದು ಸಮುದ್ರ ಮಟ್ಟದಿಂದ ಬರೀ 340 ಅಡಿ ಎತ್ತರದಲ್ಲಿ. ಹುಬ್ಬಳ್ಳಿಯಲ್ಲಿ ಉಳಿಸಿದ ಎರಡು ಸಾವಿರ ಅಡಿಯನ್ನು ಇಲ್ಲಿ ತೀರಿಸಬೇಕು! 15,700 ಅಡಿಗೆ 47 ಮೈಲಿ, ವೇಗ ಕಮ್ಮಿ ಮಾಡಿಕೊಳ್ಳಲು ಇನ್ನೊಂದು ಏಳು ಮೈಲಿ. ಒಟ್ಟು 54, ಸುಮಾರು ನೂರು ಕಿ.ಮೀ. ಅಂದರೆ ಮಂಗಳೂರಿಗಾಗಿ ಇಳಿಯಲು ಶುರು ಮಾಡುವುದು ಹೊಸನಗರದ ಆಸುಪಾಸಿನಲ್ಲೇ, ಮಲೆನಾಡು ಇನ್ನೂ ಕೆಳಗಿರುವಾಗಲೇ. ಸರಾಸರಿ 230 ನಾಟ್ ಹಿಡಿದರೆ 14 ನಿಮಿಷ.

144 ರಲ್ಲಿ ಏರಲು 40, ಇಳಿಯಲು 54 ಹೋಯಿತು. ಉಳಿದದ್ದು 50 ಮೈಲಿ. ನೀವು ಹೇಳಿದ ಗಂಟೆಗೆ 500 ಕಿ.ಮೀ. ವೇಗ ನಿಜವಾಗಿ ಸಿಗುವುದು ಬನವಾಸಿಯಿಂದ ಹೊಸನಗರದವರೆಗಿನ ಈ ಒಂದು ತುಂಡಿನಲ್ಲಿ ಮಾತ್ರ. 11 ನಿಮಿಷಕ್ಕೆ ಮುಗಿಯುತ್ತದೆ. ಕಾಫಿ ಹಂಚಲು ಗಗನಸಖಿಯರು ಯಾಕೆ ಅಷ್ಟು ಅವಸರ ಮಾಡುತ್ತಾರೆ ಅಂತ ಈಗ ಗೊತ್ತಾಯಿತಲ್ಲ.

12, 11, 14 ಕೂಡಿದರೆ 37 ನಿಮಿಷ. ಇದರ ಮೇಲೆ ರನ್‌ವೇ ದಿಕ್ಕಿನ ಲೆಕ್ಕ ಬರುತ್ತದೆ. ಹುಬ್ಬಳ್ಳಿ ರನ್‌ವೇ ಹೆಚ್ಚುಕಮ್ಮಿ ಪೂರ್ವ–ಪಶ್ಚಿಮ. ಅದರ ತುದಿಗಳಲ್ಲಿ 08, 26 ಅಂತ ಬರೆದಿರುತ್ತದೆ. ದಿಕ್ಸೂಚಿಯ ಡಿಗ್ರಿಯಲ್ಲಿ ಕೊನೆಯ ಸೊನ್ನೆ ಬಿಟ್ಟರೆ ಬರುವ ಅಂಕಿ ಅದು, 80 ಡಿಗ್ರಿ ಮತ್ತು 260 ಡಿಗ್ರಿ. ದಕ್ಷಿಣಕ್ಕೆ ಹೋಗಬೇಕಾದ ವಿಮಾನ ಯಾವ ಕಡೆ ಹಾರಿದರೂ ತಿರುಗಲೇಬೇಕು. ಎರಡು ನಿಮಿಷ. ಮಂಗಳೂರಿನಲ್ಲಿ ಪ್ರಯಾಣಿಕರ ವಿಮಾನ ಇಳಿಯುವ ದೊಡ್ಡ ರನ್‌ವೇ 06 ಮತ್ತು 24, ಉದ್ದ 2,450 ಮೀಟರ್. ಉತ್ತರದಿಂದ ಬರುವ ವಿಮಾನಕ್ಕೆ 24 ಕೊಟ್ಟರೆ ಒಳ್ಳೆಯದು. ಮೂಡುಬಿದಿರೆ ಕಡೆಯಿಂದ ಸ್ವಲ್ಪ ಬಲಕ್ಕೆ ವಾಲಿದರೆ ರನ್‌ವೇ ಎದುರಿಗೇ ಇರುತ್ತದೆ. 06 ಕೊಟ್ಟರೆ ನಿಲ್ದಾಣ ದಾಟಿ ಅರಬ್ಬಿ ಸಮುದ್ರದ ಮೇಲೆ ಹೋಗಿ ತಿರುಗಿ ಬರಬೇಕು. ಅದಕ್ಕೇ ಆರೇಳು ನಿಮಿಷ ಜಾಸ್ತಿ. ಯಾವುದನ್ನು ಕೊಡುತ್ತಾರೆ ಅನ್ನುವುದು ಮುಖ್ಯವಾಗಿ ನೆಲದ ಮೇಲಿನ ಗಾಳಿಯ ಮೇಲೆ ಹೋಗುತ್ತದೆ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು. ಮಳೆಗಾಲದಲ್ಲಿ ಗಾಳಿ ಸಮುದ್ರದ ಕಡೆಯಿಂದ ಬೀಸುವುದರಿಂದ ಹುಬ್ಬಳ್ಳಿಯವರಿಗೆ ಅನುಕೂಲ. ಸರಾಸರಿಗೆ ಐದು ನಿಮಿಷ ಹಿಡಿಯೋಣ. ಆಕಾಶದಲ್ಲಿ ಕಳೆದ ಹೊತ್ತು 44 ನಿಮಿಷ ಆಯಿತು.

ಟಿಕೆಟ್‌ನಲ್ಲಿ ಬರೆಯುವುದು ಈ ಹೊತ್ತನ್ನಲ್ಲ. ಜನ ಇಲ್ಲೇ ಎಡವುವುದು. ಘಟ್ಟದಲ್ಲಿ ನಿಲ್ಲಿಸಿದ ಲಾರಿಯ ಗಾಲಿಗೆ ಕಲ್ಲು ಕೊಡುತ್ತಾರಲ್ಲ, ನಿಂತ ವಿಮಾನದ ಚಕ್ರಕ್ಕೂ ಹಾಗೆಯೇ ರಬ್ಬರಿನದೋ ಮರದ್ದೋ ತುಂಡು ಕೊಡುತ್ತಾರೆ. ಅದಕ್ಕೆ ಚಾಕ್ ಅಂತ ಹೆಸರು. ಹುಬ್ಬಳ್ಳಿಯಲ್ಲಿ ಚಾಕ್ ತೆಗೆದು ವಿಮಾನ ಅಲುಗಿದಾಗಿನಿಂದ ಮಂಗಳೂರಿನಲ್ಲಿ ಮತ್ತೆ ಚಾಕ್ ಇಡುವವರೆಗಿನ ಹೊತ್ತನ್ನು ಬ್ಲಾಕ್ ಟೈಮ್ ಅನ್ನುತ್ತೇವೆ. ವೇಳಾಪಟ್ಟಿ ಮಾಡುವುದು ಅದರ ಮೇಲೆ. ಅದರಲ್ಲಿ ನೆಲದ ಮೇಲೆ ಉರುಳುವ ಹೊತ್ತೂ ಸೇರುತ್ತದೆ. ಬಹಳಷ್ಟು ಸಣ್ಣ ನಿಲ್ದಾಣಗಳಲ್ಲಿ ರನ್‌ವೇ ಪಕ್ಕದಲ್ಲಿ ತುದಿವರೆಗೆ ಬೇರೆ ದಾರಿ ಇರುವುದಿಲ್ಲ. ವಿಮಾನ ರನ್‌ವೇ ಮೇಲೆಯೇ ತುದಿಯವರೆಗೆ ಹೋಗಿ, ಅಲ್ಲಿ ತಿರುಗಿ ನಿಂತು, ಆಮೇಲೆ ಓಡಬೇಕು. ಎರಡು ಕಿ.ಮೀ. ದಾರಿಯನ್ನು ಸೈಕಲ್ ಮೋಟಾರಿನಷ್ಟು ವೇಗದಲ್ಲಿ ಹೋದರೆ ಮೂರು ನಿಮಿಷ ಅದಕ್ಕೇ ಹೋಗುತ್ತದೆ. ಹೊರಡುವಾಗ 7, ಇಳಿದ ಮೇಲೆ 4, ಒಟ್ಟು 11 ನಿಮಿಷ ಸೇರಿಸಿ. 44 ಕ್ಕೆ 11 ಕೂಡಿದರೆ 55.

ಟಿಕೆಟ್‌ನಲ್ಲಿ 70 ಇದೆ. ಉಳಿದ ಹದಿನೈದು ನಿಮಿಷ ಕಂಪನಿಗಳು ಬೇಕೆಂದೇ ಇಟ್ಟುಕೊಳ್ಳುವ ಸಡಿಲ. ಅದೇ ವಿಮಾನ ಬೆಳಿಗ್ಗೆಯಿಂದ ರಾತ್ರಿವರೆಗೆ ಐದಾರು ಊರು ಸುತ್ತುತ್ತದೆ. ಒಂದು ಕಡೆ ಹತ್ತು ನಿಮಿಷ ತಪ್ಪಿದರೆ ಸಂಜೆಗೆ ಅದು ಒಂದು ಗಂಟೆಯಾಗಿ ಬೆಳೆದಿರುತ್ತದೆ. ಇದನ್ನು ಕೆಲವರು ಮೋಸ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಸಣ್ಣ ಊರುಗಳ ವಿಮಾನಕ್ಕೆ ಈ ಸಡಿಲ ಬೇಕೇ ಬೇಕು. ದಿನಕ್ಕೆ ಒಂದೇ ವಿಮಾನ ಬರುವ ಊರಿನಲ್ಲಿ ಅದು ರದ್ದಾದರೆ ಮುಂದಿನದು ನಾಳೆಯೇ. ಆ ಊರಿನವರಿಗೆ ಹತ್ತು ನಿಮಿಷ ಮುಂಚೆ ತಲುಪುವುದಕ್ಕಿಂತ ವಿಮಾನ ಬರುತ್ತದೆ ಅನ್ನುವ ನಂಬಿಕೆ ದೊಡ್ಡದು.

ಗಾಳಿಯ ಬಗ್ಗೆಯೂ ಹೇಳಬೇಕು. ನಿಮ್ಮ ದಾರಿಯಲ್ಲಿ ಮಳೆಗಾಲದ ಪಶ್ಚಿಮ ಗಾಳಿ ಪಕ್ಕದಿಂದ ಬಡಿಯುತ್ತದೆ. 25 ನಾಟ್ ಗಾಳಿ ಇದ್ದರೂ ವಿಮಾನ ಮೂತಿಯನ್ನು ಐದು ಡಿಗ್ರಿ ಗಾಳಿಯ ಕಡೆಗೆ ತಿರುಗಿಸಿಕೊಂಡು ಹೋಗುತ್ತದೆ. ಹೊಳೆ ದಾಟುವ ದೋಣಿಯವ ಮಾಡುವುದೂ ಇದನ್ನೇ. ಇದರಿಂದ ಕಳೆದುಕೊಳ್ಳುವ ವೇಗ 270 ರಲ್ಲಿ ಒಂದೇ ನಾಟ್. ಮತ್ತೆ ಪೈಥಾಗೊರಸ್, ಮಗಳೇ ಹಾಕಿ ನೋಡಲಿ. ಅದೇ ಗಾಳಿ ಬೆಂಗಳೂರು–ಮಂಗಳೂರು ದಾರಿಯಲ್ಲಿ ಎದುರಿಗೆ ಬರುತ್ತದೆ. ಆ ದೂರ 165 ಮೈಲಿ. ಪೂರ್ತಿ ದಾರಿಗೆ ಹಿಡಿದರೆ ಹೋಗುವಾಗ 245 ನಾಟ್‌ನಲ್ಲಿ 40 ನಿಮಿಷ, ಬರುವಾಗ 295 ನಾಟ್‌ನಲ್ಲಿ 34 ನಿಮಿಷ. ದೂರ ಒಂದೇ, ವಿಮಾನ ಒಂದೇ, ಆರೇಳು ನಿಮಿಷ ಗಾಳಿಯ ಪಾಲು.

"ಎಟಿಆರ್ ಬದಲು ಜೆಟ್ ಹಾಕಿದರೆ ಅರ್ಧ ಗಂಟೆಗೆ ತಲುಪಬಹುದಲ್ವಾ?" ಅಂತ ಹುಬ್ಬಳ್ಳಿ ಕಡೆಯವರು ತುಂಬಾ ಕೇಳುತ್ತಾರೆ. ಜೆಟ್‌ನ ವೇಗ 450 ನಾಟ್ ನಿಜ. ಆದರೆ 10,000 ಅಡಿ ಕೆಳಗೆ ಎಲ್ಲರೂ 250 ನಾಟ್ ಒಳಗೇ ಇರಬೇಕು ಅನ್ನುವುದು ನಿಯಮ. ನೆಲದ ಮೇಲೆ ಎರಡೂ ಒಂದೇ ನಿಧಾನ. ಇಷ್ಟು ಸಣ್ಣ ದಾರಿಯಲ್ಲಿ ಜೆಟ್ ತನ್ನ ಎತ್ತರಕ್ಕೆ ಹೋಗುವ ಹೊತ್ತಿಗೆ ಇಳಿಯುವ ಜಾಗ ಬಂದುಬಿಟ್ಟಿರುತ್ತದೆ. ಉಳಿಯುವುದು ಎಂಟು–ಹತ್ತು ನಿಮಿಷ, ಸುಡುವ ಇಂಧನ ಮಾತ್ರ ಬಹಳ ಜಾಸ್ತಿ. ಈ ದಾರಿಗೆ ಎಟಿಆರ್‌ನಂಥ ಪ್ರೊಪೆಲ್ಲರ್ ವಿಮಾನವೇ ಸರಿ ಅಂತ ನಾನು ಯಾವತ್ತೂ ಹೇಳುತ್ತೇನೆ. ಹುಬ್ಬಳ್ಳಿಯಿಂದ ದೆಹಲಿಗೆ ಹಾಕಿ ನೋಡಿ. ದೂರ 800 ಮೈಲಿ. ಭಾಗಿಸಿದರೆ ಜೆಟ್‌ಗೆ 107 ನಿಮಿಷ, ಮೇಲೆ ಕೂಡಿಸಬೇಕಾದ್ದು ಅರ್ಧ ಗಂಟೆ. ಅಲ್ಲಿ ವೇಗಕ್ಕೆ ಬೆಲೆ ಇದೆ.

ಬಾಯಿಲೆಕ್ಕ ಬೇಕಾದರೆ ಇದನ್ನು ಬಳಸಿ: ದೂರವನ್ನು ಸಮತಟ್ಟು ಹಾರಾಟದ ವೇಗದಿಂದ ಭಾಗಿಸಿ, ಬಂದ ನಿಮಿಷಕ್ಕೆ 25 ರಿಂದ 30 ಕೂಡಿಸಿ. ನಿಮ್ಮ ದಾರಿಗೆ 144 ಭಾಗಿಸು 270 ಅಂದರೆ 32 ನಿಮಿಷ. ಅದಕ್ಕೆ 25 ಕೂಡಿದರೆ 57. ಅಷ್ಟೆಲ್ಲ ತುಂಡು ಮಾಡಿ ನಾವು ಹಾಕಿದ ಉತ್ತರ 55. ದೊಡ್ಡ ನಿಲ್ದಾಣವಾದರೆ ಇನ್ನೊಂದು ಹತ್ತು ಸೇರಿಸಿ, ಬೆಂಗಳೂರಿನಲ್ಲಿ ಉರುಳುವ ದಾರಿಯೇ ಉದ್ದ.

ಯಾವ ಸೂತ್ರಕ್ಕೂ ಸಿಗದ ದಿನಗಳೂ ಇವೆ. ಒಂದು ಜುಲೈ ನನಗೆ ಚೆನ್ನಾಗಿ ನೆನಪಿದೆ. ನಾನು ಪ್ಲಾನ್ ಮಾಡಿದ ವಿಮಾನ ಮಂಗಳೂರಿನ ಹತ್ತಿರ ಹೋಗುವ ಹೊತ್ತಿಗೆ ಮೋಡ ಬಂದು ಗುಡ್ಡದ ಮೇಲೆ ಕೂತಿತು. ಕೆಳಗೆ ಊರಿನಲ್ಲಿ ಬರೀ ಮೋಡ ಕವಿದ ಆಕಾಶ, ಮೇಲೆ ರನ್‌ವೇಯಲ್ಲಿ ಎದುರಿನ ದೀಪ ಕಾಣುವುದಿಲ್ಲ. ಗುಡ್ಡದ ತಲೆ ಸವರಿ ಮಾಡಿದ ರನ್‌ವೇಗಳಿಗೆ ಇದೊಂದು ಕಷ್ಟ. ಕಾಯುವ ವಿಮಾನ ಉದ್ದನೆಯ ಉಂಗುರದ ಹಾಗೆ ಸುತ್ತು ಹಾಕುತ್ತದೆ. ಒಂದು ನಿಮಿಷ ನೇರ, ಒಂದು ನಿಮಿಷ ತಿರುವು, ಮತ್ತೆ ನೇರ, ಮತ್ತೆ ತಿರುವು. ಒಂದು ಸುತ್ತಿಗೆ ನಾಲ್ಕು ನಿಮಿಷ. ನಾನು ಕೆಳಗೆ ಕೂತು ಕಾಗದದ ಮೇಲೆ ಸುತ್ತಿಗೊಂದು ಗೀಟು ಹಾಕುತ್ತಿದ್ದೆ. ಬದಲಿ ನಿಲ್ದಾಣಕ್ಕೆ ಹೋಗುವಷ್ಟು, ಅಲ್ಲಿಗೆ ಹೋದ ಮೇಲೂ ಅರ್ಧ ಗಂಟೆ ಹಾರುವಷ್ಟು ಇಂಧನ ಬಿಟ್ಟು ಮಿಕ್ಕಿದ್ದರಲ್ಲಿ ಎಷ್ಟು ಸುತ್ತು ಕಾಯಬಹುದು ಅಂತ ಮೊದಲೇ ಲೆಕ್ಕ ಹಾಕಿದ್ದೆ, ಏಳು ಸುತ್ತು. ಐದನೇ ಗೀಟಿನ ಹೊತ್ತಿಗೆ ಮೋಡ ಎದ್ದಿತು, ವಿಮಾನ ಇಳಿಯಿತು. ಒಳಗಿದ್ದವರಿಗೆ ಇಪ್ಪತ್ತು ನಿಮಿಷ ತಡ ಅಂತ ಮಾತ್ರ ಗೊತ್ತು. ಆ ಇಪ್ಪತ್ತು ನಿಮಿಷಕ್ಕೆ ಬೇಕಾದ ಇಂಧನವನ್ನು ಬೆಳಿಗ್ಗೆಯೇ ತುಂಬಿಸಿದ್ದೆವಲ್ಲ, ಅದರ ಸಮಾಧಾನ ನನಗೆ ಇವತ್ತಿಗೂ ಇದೆ.

ಇನ್ನು ಪ್ರಾಜೆಕ್ಟ್. ಮತ್ತೊಮ್ಮೆ ಈ ದಾರಿಯಲ್ಲಿ ಹಾರುವ ಅವಕಾಶ ಸಿಕ್ಕರೆ ಮಗಳಿಗೆ ಬಲಗಡೆಯ ಕಿಟಕಿ ಕೊಡಿ. ಎಟಿಆರ್‌ನ ರೆಕ್ಕೆ ಮೇಲಿರುವುದರಿಂದ ಕೆಳಗಿನ ನೆಲ ಚೆನ್ನಾಗಿ ಕಾಣುತ್ತದೆ. ಕೈಯಲ್ಲಿ ಗಡಿಯಾರ, ಮಡಿಲಲ್ಲಿ ನೋಟ್‌ಬುಕ್ ಸಾಕು. ಫೋನ್ ಫ್ಲೈಟ್ ಮೋಡ್‌ನಲ್ಲಿದ್ದರೂ ಬಹಳಷ್ಟು ಫೋನ್‌ಗಳಲ್ಲಿ ಜಿಪಿಎಸ್ ಕಿಟಕಿ ಪಕ್ಕ ಕೆಲಸ ಮಾಡುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಂಡಿರಲಿ. ವಿಮಾನ ಅಲುಗಿದ ಹೊತ್ತು ಬರೆಯಲಿ. ಚಕ್ರ ನೆಲ ಬಿಟ್ಟ ಹೊತ್ತು ಬರೆಯಲಿ. ಏರುವುದು ನಿಂತಾಗ ಮೂತಿ ತಗ್ಗಿ, ಎಂಜಿನ್ ಸದ್ದು ಬದಲಾಗುತ್ತದೆ, ಅದನ್ನು ಕೇಳಿಸಿಕೊಳ್ಳಲಿ. ಲಿಂಗನಮಕ್ಕಿಯ ಹಿನ್ನೀರು, ಅದರೊಳಗಿನ ನಡುಗಡ್ಡೆಗಳು ಕಂಡಾಗ ಅರ್ಧ ದಾರಿ ಆಯಿತು ಅಂತ ಗುರುತು ಹಾಕಲಿ. ಅದಾದ ಸ್ವಲ್ಪ ಹೊತ್ತಿಗೆ ಕಿವಿ ಕಟ್ಟಿದ ಹಾಗಾಗುತ್ತದೆ, ಅಲ್ಲಿಗೆ ಇಳಿಯುವುದು ಶುರುವಾಯಿತು. ಚಕ್ರ ನೆಲ ಮುಟ್ಟಿದ್ದು ಒಂದು ಗುರುತು. ಕೊನೆಯದು, ಎಂಜಿನ್ ನಿಂತು ಸೀಟ್ ಬೆಲ್ಟ್ ದೀಪ ಆರಿದ ಹೊತ್ತು. ಹೊರಗೆ ಚಕ್ರಕ್ಕೆ ಚಾಕ್ ಇಡುವುದೂ ಹೆಚ್ಚುಕಮ್ಮಿ ಆಗಲೇ. ಈ ಏಳು ಹೊತ್ತುಗಳ ಪಕ್ಕದಲ್ಲಿ ನಾವು ಮೇಲೆ ಹಾಕಿದ 7, 12, 11, 14, 4 ನಿಮಿಷಗಳನ್ನೂ ತಿರುವಿನ 7 ನಿಮಿಷವನ್ನೂ ಬರೆದು, ಎಲ್ಲಿ ಎಷ್ಟು ವ್ಯತ್ಯಾಸ ಬಂತು, ಯಾವ ರನ್‌ವೇಯಲ್ಲಿ ಇಳಿದರು ಅಂತ ನನಗೆ ಬರೆದು ಕಳಿಸಲಿ.